ಬೆಳಿಗ್ಗೆ ಕಾಲು ನೆಲಕ್ಕಿಟ್ಟರೆ ಹಿಮ್ಮಡಿ ನೋವು. ನಿಮಗೆ ಯಾವುದರಿಂದ ಕಡಿಮೆಯಾಯಿತು?

ಪ್ರಶ್ನೆ

ಕೆಲವು ತಿಂಗಳಿಂದ ಬಲಗಾಲಿನ ಹಿಮ್ಮಡಿ ನೋವು. ಬೆಳಿಗ್ಗೆ ಎದ್ದು ಕಾಲಿಟ್ಟರೆ ಜೀವ ಹೋದ ಹಾಗಾಗುತ್ತದೆ. ಸ್ವಲ್ಪ ಓಡಾಡಿದರೆ ಸರಿಹೋಗುತ್ತದೆ, ಸಂಜೆ ಹೊತ್ತಿಗೆ ಮತ್ತೆ ಶುರು. ನನ್ನದು ನಿಂತು ಮಾಡುವ ಕೆಲಸ. ಎಕ್ಸ್‌ರೇ ತೆಗೆಸಿದೆ, ಮೂಳೆ ಬೆಳೆದಿದೆ ಅಂದರು. ಹಾಗಾದರೆ ಆಪರೇಷನ್ ಮಾಡಿಸಲೇಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ತರಗತಿಯಲ್ಲಿ ನಿಂತೇ ಪಾಠ ಮಾಡುವವಳು

ಆಪರೇಷನ್ ಯೋಚನೆ ಈಗಲೇ ಬೇಡ. ನನಗೂ "ಮೂಳೆ ಬೆಳೆದಿದೆ" ಅಂತಲೇ ಹೇಳಿದ್ದರು. ಆದರೆ ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಮುಳ್ಳಿನಂತೆ ಬೆಳೆದ ಆ ಮೂಳೆ ಕಾಣುತ್ತದೆ. ನನ್ನ ನೋವು ಹೋಗಿ ಎಷ್ಟೋ ಕಾಲವಾದ ಮೇಲೆ ಬೇರೆ ಕಾರಣಕ್ಕೆ ಎಕ್ಸ್‌ರೇ ತೆಗೆಸಿದೆ. ಮುಳ್ಳು ಇದ್ದಲ್ಲೇ ಇತ್ತು!

ನೀವು ಹೇಳಿದ ಲಕ್ಷಣ ನೋಡಿದರೆ ನೋವು ಅಂಗಾಲಿನ ಪಟ್ಟಿಯದ್ದು ಅನ್ನಿಸುತ್ತದೆ. ಹಿಮ್ಮಡಿ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಒಂದು ದಪ್ಪನೆಯ ಪಟ್ಟಿ ಇರುತ್ತದೆ. ಪಾದದ ಕಮಾನನ್ನು ಎತ್ತಿ ಹಿಡಿಯುವುದು ಅದೇ. ಅದು ತಾಳುವುದಕ್ಕಿಂತ ಜಾಸ್ತಿ ಭಾರ ದಿನಾ ಬಿದ್ದರೆ, ಮೂಳೆಗೆ ಅಂಟಿರುವ ಜಾಗದಲ್ಲಿ ನೋವು ಶುರುವಾಗುತ್ತದೆ. ಡಾಕ್ಟರ್ ಚೀಟಿಯಲ್ಲಿ ಪ್ಲಾಂಟರ್ ಫ್ಯಾಸಿಯೈಟಿಸ್ ಅಂತ ಬರೆಯುವುದು ಇದನ್ನೇ. ರಾತ್ರಿ ಮಲಗಿದಾಗ ಪಾದ ಕೆಳಕ್ಕೆ ಬಾಗಿರುತ್ತದೆ, ಪಟ್ಟಿ ಬಿಗಿಯುತ್ತದೆ. ಎದ್ದ ಕೂಡಲೇ ಮೈಭಾರವೆಲ್ಲ ಅದರ ಮೇಲೆ. ಮೊದಲ ಹೆಜ್ಜೆಗೇ ಅಷ್ಟು ನೋವಾಗುವುದು ಅದಕ್ಕೇ.

ನನಗೆ ಎಲ್ಲಕ್ಕಿಂತ ಕೈಹಿಡಿದದ್ದು ಹಾಸಿಗೆ ಬಿಡುವ ಮುಂಚೆಯೇ ಮಾಡುವ ಒಂದು ವ್ಯಾಯಾಮ. ಹಾಸಿಗೆ ಅಂಚಿನಲ್ಲಿ ಕುಳಿತು, ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಹಾಕಿಕೊಳ್ಳಿ. ಕಾಲ್ಬೆರಳುಗಳ ಬುಡ ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲು ಒತ್ತಿ ನೋಡಿ. ಪಟ್ಟಿ ಎಳೆದು ಕಟ್ಟಿದ ತಂತಿಯ ಹಾಗೆ ಬೆರಳಿಗೆ ಸಿಗಬೇಕು. ಸಿಗಲಿಲ್ಲ ಅಂದರೆ ಸುಮ್ನೆ ಬೆರಳು ಮಡಚುತ್ತಿದ್ದೀರಿ ಅಷ್ಟೇ, ಇನ್ನೂ ಸ್ವಲ್ಪ ಎಳೆಯಿರಿ. 10 ಎಣಿಸಿ ಬಿಡಿ. ಹೀಗೆ 10 ಸಲ. ದಿನಕ್ಕೆ ಮೂರು ಹೊತ್ತು ಮಾಡಿ, ಅದರಲ್ಲಿ ಮೊದಲನೆಯದು ಕಾಲು ನೆಲಕ್ಕೆ ತಾಗುವ ಮುಂಚೆ.

ನಾಲ್ಕು ದಿನ ಮಾಡಿ "ಏನೂ ಆಗಲಿಲ್ಲ" ಅನ್ನಬೇಡಿ. ಇದು ತಿಂಗಳುಗಟ್ಟಲೆ ಹಿಡಿಯುವ ನೋವು. ಹೆಚ್ಚಿನವರಿಗೆ ಆಪರೇಷನ್ ಇಲ್ಲದೆಯೇ ಒಂದು ವರ್ಷದೊಳಗೆ ಹೋಗುತ್ತದೆ. ಒಂದು ವರ್ಷ ಅಂದರೆ ಬೇಜಾರೇ, ಒಪ್ಪುತ್ತೇನೆ.

ಮೆಷಿನ್ ಮುಂದೆ ನಿಲ್ಲುವ ಕೆಲಸದವನು

ಮೇಡಂ ಹೇಳಿದ್ದರ ಜೊತೆ ಮೀನಖಂಡವನ್ನೂ ಎಳೆಯಿರಿ. ಅದು ಬಿಗಿಯಾಗಿದ್ದರೆ ಅಂಗಾಲಿನ ಮೇಲೂ ಎಳೆತ ಜಾಸ್ತಿ. ಗೋಡೆಗೆ ಕೈಕೊಟ್ಟು, ನೋವಿರುವ ಕಾಲು ಹಿಂದೆ, ಮೊಣಕಾಲು ನೆಟ್ಟಗೆ, ಹಿಮ್ಮಡಿ ನೆಲ ಬಿಡಬಾರದು. 30 ಸೆಕೆಂಡ್. ಆಮೇಲೆ ಅದೇ ಮೊಣಕಾಲು ಸ್ವಲ್ಪ ಬಗ್ಗಿಸಿ ಇನ್ನೊಮ್ಮೆ.

ಇನ್ನೊಂದು, ಮನೆಯೊಳಗೆ ಬರಿಗಾಲಲ್ಲಿ ಓಡಾಡುವುದು ಸದ್ಯಕ್ಕೆ ನಿಲ್ಲಿಸಿ. ಗಟ್ಟಿ ನೆಲ ಈ ನೋವಿಗೆ ಆಗಿಬರುವುದಿಲ್ಲ. ಹಾಸಿಗೆ ಪಕ್ಕದಲ್ಲೇ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ. ತೀರಾ ತೆಳ್ಳಗೆ, ಚಪ್ಪಟೆಯಾಗಿರುವುದು ಬೇಡ. ಕೆಲಸದ ಶೂ ಒಳಗೆ ನಾನು ಸಿಲಿಕಾನ್ ಹೀಲ್ ಕಪ್ ಹಾಕುತ್ತೇನೆ, ಅಂದರೆ ಹಿಮ್ಮಡಿ ಕೆಳಗಿಡುವ ಮೆತ್ತನೆಯ ಬಟ್ಟಲು. ದುಬಾರಿ ಇನ್‌ಸೋಲೇ ಆಗಬೇಕು ಅಂತೇನಿಲ್ಲ, ಸಾಧಾರಣದ್ದು ಸಾಕು. ಶೂ ಅಟ್ಟೆ ಒಂದು ಕಡೆ ಸವೆದಿದ್ದರೆ ಮಾತ್ರ ಬದಲಾಯಿಸಿಬಿಡಿ.

ಓಟದ ಹುಚ್ಚಿನವನು

ಎಳೆಯುವುದು ಸರಿ, ಆದರೆ ಪಟ್ಟಿಗೆ ಶಕ್ತಿಯೂ ಬರಬೇಕಲ್ವಾ? ನಾನು ಓಡುವ ದೂರವನ್ನು ಒಂದೇ ಸಲಕ್ಕೆ ಏರಿಸಿದಾಗ ನನ್ನ ನೋವು ಶುರುವಾಗಿದ್ದು. ಎಳೆತದಿಂದ ಅರ್ಧ ಹೋಯಿತು. ಉಳಿದರ್ಧಕ್ಕೆ ಹಿಮ್ಮಡಿ ಎತ್ತುವ ವ್ಯಾಯಾಮವೇ ಬೇಕಾಯಿತು. ಮೆಟ್ಟಿಲ ಅಂಚಿನಲ್ಲಿ ನಿಲ್ಲಿ, ಟವೆಲ್ ಸುತ್ತಿ ಕಾಲ್ಬೆರಳುಗಳ ಕೆಳಗಿಡಿ. ಬೆರಳುಗಳು ಮೇಲಕ್ಕೆ ಮಡಚಿಕೊಂಡಿರಬೇಕು, ಆಗಲೇ ಪಟ್ಟಿ ಕೆಲಸಕ್ಕೆ ಬರುವುದು. 3 ಸೆಕೆಂಡಿನಲ್ಲಿ ಮೇಲೇರಿ, 2 ಸೆಕೆಂಡ್ ನಿಂತು, 3 ಸೆಕೆಂಡಿನಲ್ಲಿ ಇಳಿಯಿರಿ. ಶುರುವಿನಲ್ಲಿ ಎರಡೂ ಕಾಲು, ಅಭ್ಯಾಸವಾದ ಮೇಲೆ ಒಂದೇ ಕಾಲು. ದಿನ ಬಿಟ್ಟು ದಿನ ಮಾಡಿ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ, ಅಂದರೆ ಮತ್ತೆ ಎರಡು ಕಾಲಿಗೆ.

ಇಂಜೆಕ್ಷನ್ ತಗೊಂಡವಳು

ನಾನು ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡೆ. ನೋವು ಹೋಯಿತು, ನಿಜ. ಕೆಲವು ವಾರ ಹಾಯಾಗಿದ್ದೆ, ಆಮೇಲೆ ನಿಧಾನಕ್ಕೆ ಮರಳಿ ಬಂತು. ನೋವಿನಿಂದ ಕಾಲೇ ಊರಲಾಗದವರಿಗೆ ಅದು ಉಪಯೋಗ ಆಗಬಹುದು. ಆದರೆ ಪದೇಪದೇ ಕೊಡಿಸಿಕೊಂಡರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳ್ಳಗಾಗುವ, ಪಟ್ಟಿಯೇ ಹರಿಯುವ ಅಪಾಯ ಇದೆ ಅಂತ ನನ್ನ ಡಾಕ್ಟರೇ ಎಚ್ಚರಿಸಿದರು. ನನ್ನ ಮಟ್ಟಿಗೆ ಅದು ಮೊದಲ ದಾರಿ ಅಲ್ಲ.

ಫಿಸಿಯೋಥೆರಪಿ ಮಾಡುವವಳು

ಎಲ್ಲರೂ ಒಳ್ಳೆಯದನ್ನೇ ಹೇಳಿದ್ದೀರಿ. ಆದರೆ ಹಿಮ್ಮಡಿ ನೋವೆಲ್ಲ ಒಂದೇ ಅಲ್ಲ, ಯಾವ ಜಾಗ ಅಂತ ಒತ್ತಿ ನೋಡಿ. ಹಿಮ್ಮಡಿಯ ಕೆಳಭಾಗದಲ್ಲಿ, ಒಳಗಡೆಗೆ, ಕಮಾನು ಶುರುವಾಗುವಲ್ಲಿ ನೋವಿದ್ದರೆ ಹೆಚ್ಚಾಗಿ ಮೇಲೆ ಹೇಳಿದ್ದೇ. ನಟ್ಟನಡುವೆ ಏಟು ಬಿದ್ದಂತೆ ನೋವಿದ್ದರೆ ಕೊಬ್ಬಿನ ಮೆತ್ತೆಯದ್ದಿರಬಹುದು. ಅದಕ್ಕೆ ಎಳೆತಕ್ಕಿಂತ ಮೆತ್ತನೆಯ ಆಸರೆ ಮುಖ್ಯ. ಹಿಂಭಾಗದಲ್ಲಿ, ಶೂ ಉಜ್ಜುವ ಕಡೆ ಇದ್ದರೆ ಅಕಿಲಿಸ್ ಸ್ನಾಯುರಜ್ಜು, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ಹುರಿ, ನೋಡಬೇಕು. ಉರಿ, ಜುಮುಜುಮು, ಮರಗಟ್ಟುವಿಕೆ ಇದ್ದರೆ ನರದ ಕಡೆ ಗಮನ ಹೋಗಬೇಕು. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಯಲ್ಲಿ ಹಿಸುಕಿದರೆ ಜೋರಾಗಿ ನೋಯುತ್ತದಾ? ಮೂಳೆಯಲ್ಲಿ ಸಣ್ಣ ಬಿರುಕಿರಬಹುದು, ವ್ಯಾಯಾಮ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಸಣ್ಣ ವಯಸ್ಸಿನವರಿಗೆ ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಿಗ್ಗೆ ಬೆನ್ನು ಬಹಳ ಹೊತ್ತು ಬಿಗಿದಿರುವುದು ಇದ್ದರೆ ಸಂಧಿವಾತದ ಪರೀಕ್ಷೆ ಆಗಬೇಕು.

ಪಟ್ಟನೆ ಏನೋ ಹರಿದಂತಾಗಿ ನೋವು ಬಂದರೆ, ಊತ ಅಥವಾ ಜ್ವರ ಇದ್ದರೆ, ಕಾಲೂರಲು ಆಗದಿದ್ದರೆ, ಮಲಗಿದ್ದಾಗಲೂ ನೋವು ಬಿಡದಿದ್ದರೆ ಮನೆಮದ್ದಿಗೆ ಕಾಯಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಒತ್ತಿ ನೋಡಿದೆ, ಒಳಗಡೆ ಒಂದೇ ಜಾಗದಲ್ಲಿ ಚುಚ್ಚುತ್ತದೆ. ನೀರಿನ ಬಾಟಲಿ ಫ್ರೀಜರ್‌ನಲ್ಲಿಟ್ಟು ಅದರ ಮೇಲೆ ಅಂಗಾಲು ಉರುಳಿಸಬಹುದಾ? ಬಿಸಿ ನೀರಲ್ಲಿ ಕಾಲಿಡಲು ಮನೆಯವರು ಹೇಳುತ್ತಿದ್ದಾರೆ. ಅಂದಹಾಗೆ ನನಗೆ ಸಕ್ಕರೆ ಕಾಯಿಲೆ ಇದೆ, ಹೇಳಲು ಮರೆತಿದ್ದೆ.

ಫಿಸಿಯೋಥೆರಪಿ ಮಾಡುವವಳು

ಈ ವಿಷಯ ಮುಖ್ಯ, ಹೇಳಿದ್ದು ಒಳ್ಳೆಯದಾಯಿತು. ಬೇರೆಯವರಾಗಿದ್ದರೆ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಸಂಜೆ 10 ನಿಮಿಷ ಉರುಳಿಸಿ ಅನ್ನುತ್ತಿದ್ದೆ. ನಿಮಗೆ ಮೊದಲು ಪಾದದ ಸ್ಪರ್ಶಜ್ಞಾನ ಮತ್ತು ರಕ್ತ ಸಂಚಾರ ಸರಿಯಾಗಿದೆಯಾ ಅಂತ ಡಾಕ್ಟರ್ ಹತ್ತಿರ ಪರೀಕ್ಷೆ ಆಗಲಿ. ಸ್ಪರ್ಶ ಕಡಿಮೆ ಇದ್ದರೆ ಐಸ್ ಕೊರೆದದ್ದೂ ತಿಳಿಯುವುದಿಲ್ಲ, ಬಿಸಿ ನೀರು ಸುಟ್ಟದ್ದೂ ತಿಳಿಯುವುದಿಲ್ಲ. ಅಲ್ಲಿಯವರೆಗೆ ಎರಡೂ ಬೇಡ. ಕೈಯಿಂದ ಬೆರಳು ಎಳೆಯುವ ವ್ಯಾಯಾಮ ಮತ್ತು ಗೋಡೆಯ ವ್ಯಾಯಾಮ ಮಾಡಬಹುದು, ಪಾದದಲ್ಲಿ ಗಾಯ ಇಲ್ಲದಿದ್ದರೆ. ಹೀಲ್ ಕಪ್ ಹಾಕಿದ ಮೇಲೆ ಶೂ ಬಿಗಿಯಾಗಿ ಎಲ್ಲಾದರೂ ಕೆಂಪಾಗಿದೆಯಾ ಅಂತ ರಾತ್ರಿ ನೋಡಿಕೊಳ್ಳಿ. ಸ್ಟೀರಾಯ್ಡ್ ಇಂಜೆಕ್ಷನ್ ಮಾತು ಬಂದರೆ ಸಕ್ಕರೆ ಇದೆ ಅಂತ ಮೊದಲೇ ಹೇಳಿ, ಕೆಲವು ದಿನ ಸಕ್ಕರೆ ಪ್ರಮಾಣ ಏರುತ್ತದೆ. ನೋವಿನ ಮಾತ್ರೆಯನ್ನೂ ಕೇಳದೆ ತಗೋಬೇಡಿ, ಮೂತ್ರಪಿಂಡಕ್ಕೆ ತೊಂದರೆ ಆಗಬಹುದು.