ಷೆಂಗೆನ್ ವೀಸಾ: ಸ್ವಿಸ್ ಸ್ಲಾಟ್ ಇಲ್ಲ, ಫ್ರಾನ್ಸಿಗೆ ಹಾಕಬಹುದಾ?

ಮಲ್ಲೇಶ್ವರದವ:
ಮೇ ರಜೆಗೆ ಯುರೋಪ್ ಪ್ಲ್ಯಾನ್ ಇದೆ. ನಾನು, ಹೆಂಡತಿ, 9 ವರ್ಷದ ಮಗ, 67 ವರ್ಷದ ಅಪ್ಪ. ಪ್ಯಾರಿಸ್‌ನಲ್ಲಿ 4 ರಾತ್ರಿ, ಸ್ವಿಟ್ಜರ್ಲೆಂಡ್‌ನಲ್ಲಿ 5, ಇಟಲಿಯಲ್ಲಿ 3. ಮೂರೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ. ಬೆಂಗಳೂರಲ್ಲಿ ಅರ್ಜಿ ಕೊಡೋಕೆ ಸ್ವಿಸ್ ಸ್ಲಾಟ್ (ಅಪಾಯಿಂಟ್‌ಮೆಂಟ್) ಸಿಗ್ತಿಲ್ಲ, ಫ್ರಾನ್ಸಿನದು ಇದೆ. ಹೇಗೂ ಮೊದಲು ಇಳಿಯೋದು ಪ್ಯಾರಿಸ್‌ನಲ್ಲೇ, ಅಲ್ಲಿಗೇ ಹಾಕಬಹುದಾ? ಅಪ್ಪ ಕೃಷಿಕರು, ಐಟಿಆರ್ (ಆದಾಯ ತೆರಿಗೆ ರಿಟರ್ನ್) ಇಲ್ಲ. ಅವರಿಗೆ ಏನು ದಾಖಲೆ ಕೊಡೋದು? ವೀಸಾ ಬರೋ ಮುಂಚೆ ಟಿಕೆಟ್ ಕೊಳ್ಳಬೇಕಾ?

ದಾರಿಹೋಕ:
ಈ ಲೆಕ್ಕಕ್ಕೆ ಫ್ರಾನ್ಸ್ ಆಗಲ್ಲ ಸರ್. ಹೆಚ್ಚು ದಿನ ಎಲ್ಲಿ ಇರ್ತೀರೋ ಆ ದೇಶಕ್ಕೇ ಅರ್ಜಿ. ದಿನಗಳು ಸಮ ಇದ್ದರೆ ಮಾತ್ರ ಮೊದಲು ಇಳಿಯೋ ದೇಶ. ನಿಜವಾಗಿಯೂ ಪ್ಯಾರಿಸ್ 5, ಸ್ವಿಸ್ 4 ಅಂತ ಬದಲಿಸಿಕೊಂಡರೆ ಫ್ರಾನ್ಸಿಗೆ ಹಾಕಿ, ತೊಂದರೆ ಇಲ್ಲ. ತೋರಿಸೋಕೆ ಒಂದು ಹೋಟೆಲ್ ಬುಕಿಂಗ್, ಹೋಗೋದು ಇನ್ನೊಂದು ಅಂತ ಮಾಡಬೇಡಿ. ಇಮಿಗ್ರೇಷನ್‌ನಲ್ಲಿ ಬುಕಿಂಗ್ ಕೇಳುವ ಹಕ್ಕು ಅವರಿಗಿದೆ, ಸುಳ್ಳು ಅಂತ ಗೊತ್ತಾದರೆ ವೀಸಾ ರದ್ದೂ ಮಾಡಬಹುದು.

ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೇ ಗಡುವು 15 ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆಗೆ ಹೋದರೆ 45ರವರೆಗೂ ಎಳೆಯುತ್ತೆ. ಹಾಗಾಗಿ ಮೇ ಪ್ರಯಾಣಕ್ಕೆ ಏಪ್ರಿಲ್‌ನಲ್ಲಿ ಸ್ಲಾಟ್ ಹುಡುಕೋದು ಜೂಜು.

ಕಡತಪ್ರಿಯ:
ಅಪ್ಪನ ವಿಷಯ. ಖರ್ಚು ನಿಮ್ಮದೇ ಆದರೆ ನೀವು ಸಹಿ ಮಾಡಿದ ಪ್ರಾಯೋಜಕ ಪತ್ರ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿಆರ್, ಸಂಬಂಧಕ್ಕೆ ಪುರಾವೆ. ನಿಮ್ಮ ಪಾಸ್‌ಪೋರ್ಟಿನ ಕೊನೇ ಪುಟದಲ್ಲಿ ತಂದೆ ಹೆಸರು ಇರುತ್ತಲ್ಲ, ಅದರ ಪ್ರತಿಯೂ ಇರಲಿ. ಜೊತೆಗೆ ಅವರ ಸ್ವಂತ ಖಾತೆಯ ಸ್ಟೇಟ್‌ಮೆಂಟ್, ಜಮೀನಿನ ಪಹಣಿ. ಪಹಣಿ ಕನ್ನಡದಲ್ಲಿರೋದರಿಂದ ಇಂಗ್ಲಿಷ್ ಅನುವಾದ ಲಗತ್ತಿಸಿ. ಊರಿಗೆ ವಾಪಸ್ ಬರೋಕೆ ಅವರಿಗೆ ಕಾರಣ ಇದೆ ಅಂತ ತೋರಿಸೋ ಕಾಗದ ಇದೇ. ಅದಿಲ್ಲದಿದ್ದರೆ ‘ಹಿಂದಿರುಗುವ ಬಗ್ಗೆ ಅನುಮಾನ’ ಅನ್ನೋ ಕಾರಣ ಕೊಟ್ಟು ತಿರಸ್ಕರಿಸೋದು ಸುಲಭ.

ಅರ್ಜಿಗೆ ವಾರ ಮುಂಚೆ ಯಾರಿಂದಲೋ ಮೂರು ಲಕ್ಷ ತಂದು ಖಾತೆಗೆ ತುಂಬೋ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಸ್ಟೇಟ್‌ಮೆಂಟಲ್ಲಿ ನೋಡೋದು ತಿಂಗಳು ತಿಂಗಳು ಬರೋ ಸಂಬಳ, ಅದರ ಖರ್ಚು. ಕೊನೇಲಿ ದಿಢೀರ್ ಬಂದ ದುಡ್ಡೇ ಮೊದಲು ಕಣ್ಣಿಗೆ ಬೀಳುತ್ತೆ. ಎಫ್‌ಡಿ ಮುರಿದ ಹಣವಾದರೆ ಬ್ಯಾಂಕಿನ ರಸೀದಿ ಇಟ್ಟು, ಕವರಿಂಗ್ ಲೆಟರ್‌ನಲ್ಲಿ ಒಂದು ಸಾಲು ಬರೆಯಿರಿ. ನೌಕರಿಯಲ್ಲಿರೋರು ರಜೆ ಮಂಜೂರಾತಿ ಪತ್ರ ಮರೀಬೇಡಿ.

ಟಿಕೆಟ್‌ಮಾಮ:
ಟಿಕೆಟ್ ಕೊಳ್ಳಬೇಕಿಲ್ಲ, ಹೋಗಿ ಬರುವ ರಿಸರ್ವೇಷನ್ ಸಾಕು. ಹೋಟೆಲ್‌ಗಳೂ ರದ್ದು ಮಾಡಬಹುದಾದವೇ ಇರಲಿ, ಆದರೆ ವೀಸಾ ಕೈಗೆ ಬರೋವರೆಗೆ ರದ್ದು ಮಾಡಬೇಡಿ. ಹೆಚ್ಚಾಗಿ ಎಡವಟ್ಟಾಗೋದು ರಾತ್ರಿ ರೈಲಿನಲ್ಲಿ: ಆ ರಾತ್ರಿಗೆ ಹೋಟೆಲ್ ಇರಲ್ಲ, ರೈಲು ಟಿಕೆಟ್ಟೂ ಫೈಲಲ್ಲಿ ಇರಲ್ಲ, ಒಂದು ದಿನ ಖಾಲಿ ಕಾಣುತ್ತೆ.

ವಿಮೆ ಕನಿಷ್ಠ 30,000 ಯುರೋ ಇರಬೇಕು, ಇಡೀ ಷೆಂಗೆನ್ ಪ್ರದೇಶಕ್ಕೆ, ಇಡೀ ವಾಸಕ್ಕೆ. ನಮ್ಮಲ್ಲಿ ಡಾಲರ್ ಲೆಕ್ಕದ ಪಾಲಿಸಿ ಸಿಗುತ್ತೆ, 50,000 ಡಾಲರ್‌ನದು ತೊಗೊಳ್ಳಿ. ಅಪ್ಪನ ವಯಸ್ಸಿಗೆ ಕೆಲವು ಪಾಲಿಸಿಗಳಲ್ಲಿ ಒಂದೊಂದು ಚಿಕಿತ್ಸೆಗೂ ಇಷ್ಟೇ ಹಣ ಅನ್ನೋ ಮಿತಿ ಇರುತ್ತೆ, ಸಣ್ಣ ಅಕ್ಷರ ಓದಿ. ವೀಸಾ ಶುಲ್ಕ ದೊಡ್ಡವರಿಗೆ 90 ಯುರೋ, ಮಗನಿಗೆ 45, ಅರ್ಜಿ ತೊಗೊಳ್ಳೋ ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ತಿರಸ್ಕಾರವಾದರೆ ವಾಪಸ್ ಬರಲ್ಲ. ಮಗನಿಗೆ 12 ತುಂಬಿಲ್ಲ, ಬೆರಳಚ್ಚು ಬೇಡ.

ಮಲ್ಲೇಶ್ವರದವ:
ತುಂಬಾ ಥ್ಯಾಂಕ್ಸ್. ಪ್ಯಾರಿಸ್‌ಗೆ ಒಂದು ರಾತ್ರಿ ಹೆಚ್ಚಿಸಿ, ಸ್ವಿಸ್‌ನಲ್ಲಿ ಒಂದು ಕಡಿಮೆ ಮಾಡ್ತೀವಿ. ಇನ್ನೊಂದು: ಅಪ್ಪನ ಪಾಸ್‌ಪೋರ್ಟ್ ಜುಲೈ 30ಕ್ಕೆ ಮುಗಿಯುತ್ತೆ. ನಾವು ಅಲ್ಲಿಂದ ಹೊರಡೋದು ಮೇ 20. ನಡೆಯುತ್ತಾ?

ದಾರಿಹೋಕ:
ನಡೆಯಲ್ಲ. ಷೆಂಗೆನ್ ಬಿಡೋ ದಿನದಿಂದ 3 ತಿಂಗಳು ಅಂದರೆ ಆಗಸ್ಟ್ 20ರವರೆಗೆ ಇರಬೇಕು, ಎರಡು ಪುಟ ಖಾಲಿಯೂ ಬೇಕು. ಮೊದಲು ನವೀಕರಿಸಿ, ಆಮೇಲೆ ಅವರ ಸ್ಲಾಟ್. ಹಳೇ ನಂಬರಲ್ಲಿ ಸ್ಲಾಟ್ ಹಿಡಿದು ಹೊಸ ಪಾಸ್‌ಪೋರ್ಟ್ ತೊಗೊಂಡು ಹೋದರೆ ಕೌಂಟರಲ್ಲೇ ಕಿರಿಕಿರಿ. ನವೀಕರಿಸುವಾಗ ಸರ್‌ನೇಮ್ ಜಾಗದಲ್ಲಿ ಏನು ಬರುತ್ತೆ ನೋಡಿಕೊಳ್ಳಿ. ನಮ್ಮವರಲ್ಲಿ ಇನಿಷಿಯಲ್ ಬಿಡಿಸಿ ಬರೆದಾಗ ಊರಿನ ಹೆಸರೋ ತಂದೆ ಹೆಸರೋ ಹಿಂದುಮುಂದಾಗುತ್ತೆ. ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ಅರ್ಜಿ, ವಿಮೆ, ಟಿಕೆಟ್ ಮೂರರಲ್ಲೂ ಇರಲಿ. ಪಹಣಿಯಲ್ಲಿ ಹೆಸರು ಬೇರೆ ಥರ ಇದ್ದರೆ, ಎರಡೂ ಹೆಸರು ಒಬ್ಬರದೇ ಅನ್ನೋ ಅಫಿಡವಿಟ್ ಮಾಡಿಸಿ ಜೊತೆಗಿಡಿ.