ಎಸ್‌ಆರ್‌ಸಿ (ಸಲ್ಫೇಟ್ ನಿರೋಧಕ ಸಿಮೆಂಟ್) ಪೈಪಿನ ನೆತ್ತಿ ಯಾಕೆ ಉದುರುತ್ತದೆ?

ಪ್ರಶ್ನೆ: ವೆಟ್‌ವೆಲ್‌ನಿಂದ (ಕೊಳಚೆ ನೀರು ತುಂಬಿಕೊಳ್ಳುವ ಪಂಪ್ ಬಾವಿ) ಬರುವ ಯುಜಿಡಿ (ಒಳಚರಂಡಿ) ರೈಸಿಂಗ್ ಮೇನ್, ಅಂದರೆ ಪಂಪಿನ ಒತ್ತಡದಲ್ಲಿ ತುಂಬಿ ಹರಿಯುವ ಪೈಪು, ಒಂದು ಮ್ಯಾನ್‌ಹೋಲಿಗೆ ಮೇಲಿನಿಂದ ಬೀಳುತ್ತದೆ. ಅಲ್ಲಿಂದ ಮುಂದೆ 900 ಎಂಎಂ ಎನ್‌ಪಿ3 (ಒತ್ತಡವಿಲ್ಲದ ಹರಿವಿನ ದರ್ಜೆ) ಆರ್‌ಸಿಸಿ ಪೈಪು, ಸಲ್ಫೇಟ್ ನಿರೋಧಕ ಸಿಮೆಂಟಿನದೇ. ಆದರೂ ಮೇಲ್ಭಾಗ ಬಿಳಿ ಹಿಟ್ಟಾಗಿ ಉದುರಿ ಕಂಬಿ ಕಾಣುತ್ತಿದೆ. ತಳ ಗಟ್ಟಿಯಾಗಿದೆ. ಎಪಾಕ್ಸಿ ಲೇಪ ಹೊಡೆಸಿದರೆ ಸಾಕಾ ಸರ್?

ಉತ್ತರ: ತಳ ಗಟ್ಟಿ, ನೆತ್ತಿ ಪುಡಿ ಎಂದರೆ ಇದು ಗ್ಯಾಸಿನ ಕೆಲಸ. ರೈಸಿಂಗ್ ಮೇನ್‌ನಲ್ಲಿ ಆಮ್ಲಜನಕ ಸಿಗದ ನೀರಿನೊಳಗೆ, ಪೈಪಿಗಂಟಿದ ಲೋಳೆಯ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ನೀರು ಧುಮುಕಿದಾಗ ಹೈಡ್ರೋಜನ್ ಸಲ್ಫೈಡ್ ಹೊರಬಿದ್ದು ಒದ್ದೆ ನೆತ್ತಿಯನ್ನು ಸೇರುತ್ತದೆ. ಅಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲ ಮಾಡುತ್ತವೆ. ಹೊಸ ಕಾಂಕ್ರೀಟಿನಲ್ಲಿ 12–13 ಇದ್ದ ಪಿಎಚ್ ಆ ಮೈಮೇಲೆ 1–2ಕ್ಕೆ ಬರುತ್ತದೆ. ನೀವು ನೋಡಿದ ಬಿಳಿ ಹಿಟ್ಟು ಬಹುಪಾಲು ಜಿಪ್ಸಂ. ಎಸ್‌ಆರ್‌ಸಿ ತಡೆಯುವುದು ಸಲ್ಫೇಟನ್ನು, ಆ್ಯಸಿಡ್ಡನ್ನಲ್ಲ. ಟೆಂಡರಿನಲ್ಲಿ ಎರಡನ್ನೂ ಒಂದೇ ಎಂದು ಬರೆದರೆ ದುಡ್ಡು ದಂಡ.

ಮ್ಯಾನ್‌ಹೋಲಿಗೆ ಎಪಾಕ್ಸಿ ಸರಿ, ಆದರೆ ಅದು ಕೆಡುವುದು ಹೆಚ್ಚಾಗಿ ತಯಾರಿಯಲ್ಲಿ. ಮೊದಲು ಹೈ-ಪ್ರೆಶರ್ ಜೆಟ್ಟಿನಿಂದ ಮೆತ್ತಗಿನದೆಲ್ಲ ತೆಗೆಯಿರಿ. ಹೊಸದಾಗಿ ಒಡೆದ ಮೈಗೆ ಫೀನಾಲ್ಫ್ತಲೀನ್ ಸಿಂಪಡಿಸಿ: ಗುಲಾಬಿ ಬಣ್ಣ ಬಂದಲ್ಲಿ ಕಾಂಕ್ರೀಟಿನ ಕ್ಷಾರ ಉಳಿದಿದೆ, ಬಾರದಿದ್ದರೆ ಇನ್ನೂ ಕೆರೆಯಬೇಕು. ಕಂಬಿಯ ತುಕ್ಕು ತೆಗೆದು, ರಿಪೇರಿ ಮಾರ್ಟರ್ ತುಂಬಿ, ಒರತೆ ಇದ್ದರೆ ಗ್ರೌಟ್ ಮಾಡಿ ನಿಲ್ಲಿಸಿ. ಆಮೇಲೆ 2–3 ಎಂಎಂ ಎಪಾಕ್ಸಿ. ಒಣಗಿದ ಮೇಲೆ ಸ್ಪಾರ್ಕ್ ಟೆಸ್ಟ್ (ಲೇಪದ ತೂತನ್ನು ವಿದ್ಯುತ್ ಕಿಡಿಯಿಂದ ಹುಡುಕುವುದು) ಬಿಡಬೇಡಿ. ಸೂಜಿಮೊನೆಯಷ್ಟು ತೂತಿದ್ದರೂ ಆ್ಯಸಿಡ್ ಒಳಹೊಕ್ಕು, ಲೇಪ ಮೇಲೆ ಚೆನ್ನಾಗಿ ಕಾಣುತ್ತಲೇ ಹಿಂದಿನ ಕಾಂಕ್ರೀಟ್ ಕರಗುತ್ತಿರುತ್ತದೆ. ಒದ್ದೆ ಹೋಗದ ಗೋಡೆಗೆ ಕ್ಯಾಲ್ಸಿಯಂ ಅಲ್ಯುಮಿನೇಟ್ ಸಿಮೆಂಟಿನ ಲೈನಿಂಗ್ ವಾಸಿ. ಅದೂ ಸವೆಯುತ್ತದೆ, ನಿಧಾನವಾಗಿ.

900 ಎಂಎಂ ಪೈಪಿನೊಳಗೆ ಕೈಯಿಂದ ಬಳಿಸುವ ಯೋಚನೆಯೇ ಬೇಡ. ಸಿಐಪಿಪಿ ಲೈನರ್ (ರಾಳ ನೆನೆಸಿದ ಕೊಳವೆ, ಹಳೆ ಪೈಪಿನೊಳಗೇ ಗಟ್ಟಿಯಾಗುತ್ತದೆ) ಎಳೆಸಿ. ಕಂಬಿ ಹೊರಬಂದಿರುವುದರಿಂದ ಹಳೆ ಪೈಪಿನ ಬಲವನ್ನು ಲೆಕ್ಕಕ್ಕೆ ಹಿಡಿಯದೆ, ಮಣ್ಣಿನ ಭಾರ ಲೈನರೇ ಹೊರುವಂತೆ ದಪ್ಪ ಹಾಕಿಸಿ.

ಇನ್ನೊಬ್ಬ ಸದಸ್ಯರು: ಮೊದಲು ಆ ಬೀಳುವಿಕೆ ನಿಲ್ಲಿಸಿ ಸರ್. ರೈಸಿಂಗ್ ಮೇನ್ ಬಾಯಿಯನ್ನು ನೀರಿನ ಮಟ್ಟಕ್ಕೆ ಇಳಿಸಿ ಸದ್ದಿಲ್ಲದೆ ಸೇರಿಸಿದರೆ ಗ್ಯಾಸ್ ಬಹಳ ಕಡಿಮೆಯಾಗುತ್ತದೆ, ಖರ್ಚೂ ಕಡಿಮೆ.

ಪ್ರಶ್ನೆ: ವೆಟ್‌ವೆಲ್‌ಗೇ ರಾಸಾಯನಿಕ ಹಾಕಿದರೆ?

ಉತ್ತರ: ಹಾಕಬಹುದು. ಕ್ಯಾಲ್ಸಿಯಂ ನೈಟ್ರೇಟ್ ಸಲ್ಫೈಡ್ ಹುಟ್ಟುವುದನ್ನು ತಡೆಯುತ್ತದೆ, ಕಬ್ಬಿಣದ ಲವಣ ಹುಟ್ಟಿದ್ದನ್ನು ಕಟ್ಟಿಹಾಕುತ್ತದೆ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಪಿಎಚ್ ಏರಿಸುತ್ತದೆ: ಪಿಎಚ್ 7ರಲ್ಲಿ ಸಲ್ಫೈಡಿನ ಸುಮಾರು ಅರ್ಧ ಗ್ಯಾಸಾಗಬಲ್ಲ ರೂಪದಲ್ಲಿದ್ದರೆ, 8ರಲ್ಲಿ ಹತ್ತನೇ ಒಂದು ಪಾಲು. ಆದರೆ ಪಂಪ್ ಓಡುವಷ್ಟು ಕಾಲ ಇದು ಮುಗಿಯದ ಖರ್ಚು. ಹೊಸ ಲೈನ್ ಹಾಕುವಾಗ ಗ್ರಾನೈಟ್ ಜಲ್ಲಿಯ ಬದಲು ಸುಣ್ಣಕಲ್ಲಿನ ಜಲ್ಲಿ ಕೇಳಿ. ಅದೇ ಆ್ಯಸಿಡ್ಡಿಗೆ ಸುಮಾರು ಮೂರರಿಂದ ಐದು ಪಟ್ಟು ಕಾಲ ತಾಳುತ್ತದೆ. ಬಾಗಲಕೋಟೆ, ಕಲಬುರಗಿ ಕಡೆ ಸುಣ್ಣಕಲ್ಲಿಗೆ ಬರವಿಲ್ಲ.

ತಪಾಸಣೆಗೆ ಕ್ಯಾಮೆರಾ ಇಳಿಸಿ, ಆಳನ್ನಲ್ಲ. ವಾಸನೆ ಬರಲಿಲ್ಲ ಎಂದು ನಂಬಬೇಡಿ. ಗಾಳಿಯಲ್ಲಿ ಸುಮಾರು 100 ಪಿಪಿಎಂ (ಹತ್ತು ಲಕ್ಷಕ್ಕೆ ನೂರು ಪಾಲು) ದಾಟಿದರೆ ಮೂಗಿಗೆ ಹೈಡ್ರೋಜನ್ ಸಲ್ಫೈಡ್ ಗೊತ್ತೇ ಆಗುವುದಿಲ್ಲ.