ಯುಗಾದಿಯ ರಾತ್ರಿ 28 ಜನರಿಗೆ ಹಬ್ಬದೂಟ: ಅಡುಗೆಯನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಪ್ರಶ್ನೆ (ಬೆಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ಈ ಬಾರಿಯ ಯುಗಾದಿಗೆ ನನ್ನ ತವರಿನವರು ಮತ್ತು ಅತ್ತೆಯವರ ಕಡೆಯ ಬಂಧುಗಳೆಲ್ಲ ನಮ್ಮ ಮನೆಯಲ್ಲಿಯೇ ಸೇರುವುದೆಂದು ನಿಶ್ಚಯವಾಗಿದೆ. ಚಿಕ್ಕ ಮಕ್ಕಳೂ ಸೇರಿ ಒಟ್ಟು 28 ಜನರಾಗುತ್ತಾರೆ. ಬೆಳಗಿನ ಪೂಜೆಯನ್ನೂ ಬೇವು-ಬೆಲ್ಲವನ್ನೂ ಅವರವರ ಮನೆಯಲ್ಲಿಯೇ ಮುಗಿಸಿಕೊಂಡು ಹುಬ್ಬಳ್ಳಿ ಮತ್ತು ಮೈಸೂರಿನಿಂದ ಹೊರಡುವವರು ಸಂಜೆಯ ಹೊತ್ತಿಗೆ ಬಂದು ತಲುಪುವುದರಿಂದ, ಎಲೆ ಹಾಕುವುದು ರಾತ್ರಿ ಏಳೂವರೆಗೆ ಎಂದುಕೊಂಡಿದ್ದೇವೆ. ಅಡುಗೆಗೆ ನಿಲ್ಲುವವರು ನಾನು ಮತ್ತು ನನ್ನ ಓರಗಿತ್ತಿ ಇಬ್ಬರೇ. ಮನೆಯಲ್ಲಿ ನಾಲ್ಕು ಉರಿಯ ಒಲೆಯಿದೆ, ಫ್ರಿಜ್ಜು ಮಾತ್ರ ಸಾಧಾರಣ ಗಾತ್ರದ್ದು.

ನನ್ನ ಮುಖ್ಯ ಚಿಂತೆ ಊಟಕ್ಕೆ ಕುಳಿತುಕೊಳ್ಳುವವರ ಬೇರೆ ಬೇರೆ ಅಗತ್ಯಗಳದ್ದು. ನಮ್ಮ ಅಜ್ಜಿ ಈರುಳ್ಳಿ, ಬೆಳ್ಳುಳ್ಳಿಯನ್ನು ಮುಟ್ಟುವುದಿಲ್ಲ, ಗಟ್ಟಿ ಪದಾರ್ಥವನ್ನು ಅವರಿಂದ ಅಗಿಯಲೂ ಆಗುವುದಿಲ್ಲ. ಅಕ್ಕನ ಮಗಳಿಗೆ ಕಡಲೆಕಾಯಿಯ ಅಲರ್ಜಿಯಿದೆ. ಮೈದುನನ ಮಗನಿಗೆ ಹಾಲು, ಮೊಸರು, ತುಪ್ಪ ಯಾವುದೂ ಆಗುವುದಿಲ್ಲ. ಮಾವನವರಿಗೂ ನನ್ನ ತಂದೆಗೂ ಸಕ್ಕರೆ ಕಾಯಿಲೆಯಿದೆ. ಇವರೆಲ್ಲರಿಗೂ ಬೇರೆ ಬೇರೆ ಅಡುಗೆ ಮಾಡಿ ಬೇರೆ ತಟ್ಟೆಯಲ್ಲಿ ಬಡಿಸುವುದು ನನಗೆ ಇಷ್ಟವಿಲ್ಲ. ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕುಳಿತು ಎಲ್ಲರೂ ಒಂದೇ ಊಟವನ್ನು ಮಾಡಬೇಕೆಂಬುದು ನನ್ನ ಆಸೆ. ಯಾವ ಅಡುಗೆಗಳನ್ನು ಆರಿಸಿಕೊಳ್ಳಬೇಕು, ಹಿಂದಿನ ದಿನವೇ ಏನೇನು ಮಾಡಿಟ್ಟುಕೊಳ್ಳಬಹುದು, ಒಬ್ಬಟ್ಟನ್ನು ಅಂಗಡಿಯಿಂದ ತರಿಸುವುದು ಒಳ್ಳೆಯದೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ (ಮೈಸೂರಿನಿಂದ)

ನಿಮ್ಮ ಆಸೆ ಖಂಡಿತವಾಗಿಯೂ ನೆರವೇರುವಂಥದ್ದು. ಆದರೆ ಮಧ್ಯಾಹ್ನದ ಹಬ್ಬದೂಟದ ಪಟ್ಟಿಯನ್ನೇ ರಾತ್ರಿಗೆ ಎತ್ತಿಟ್ಟುಕೊಳ್ಳಬೇಡಿ. ಇಬ್ಬರು ಅಡುಗೆ ಮಾಡುವ ಮನೆಯಲ್ಲಿ ಎರಡು ಪಲ್ಯ, ಗೊಜ್ಜು, ಹುಳಿ, ಸಾರು, ಬಜ್ಜಿ, ಆಂಬೊಡೆ, ಎರಡು ಸಿಹಿ ಎಂದು ಬೆಳೆಸುತ್ತ ಹೋದರೆ, ಎಲೆ ಹಾಕುವ ಹೊತ್ತಿಗೆ ಎಲ್ಲವೂ ಆರಿರುತ್ತವೆ, ಮಾಡಿದವರಿಗೆ ಕುಳಿತು ಉಣ್ಣುವ ಚೈತನ್ಯವೂ ಉಳಿದಿರುವುದಿಲ್ಲ. ನನ್ನ ಸಲಹೆ ಇಷ್ಟು: ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಅನ್ನ, ತೊವ್ವೆ, ಒಬ್ಬಟ್ಟಿನ ಸಾರು, ಒಬ್ಬಟ್ಟು, ಒಂದು ಪಾಯಸ, ಹಪ್ಪಳ, ಮಜ್ಜಿಗೆ. ಯುಗಾದಿಯ ಊಟಕ್ಕೆ ಒಬ್ಬಟ್ಟು ಮತ್ತು ಅದರ ಸಾರೇ ಬೆನ್ನೆಲುಬು. ಬೇಳೆ ಬೇಯಿಸಿ ಬಸಿದ ಕಟ್ಟಿನಲ್ಲಿಯೇ ಸಾರಾಗುವುದರಿಂದ ಹುಳಿಯನ್ನು ಬೇರೆ ಮಾಡುವ ಅಗತ್ಯವೇ ಇಲ್ಲ. ಈ ಪಟ್ಟಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬೇಡುವ ಪದಾರ್ಥ ಒಂದೂ ಇಲ್ಲದ ಕಾರಣ ನಿಮ್ಮ ಅಜ್ಜಿಯವರ ವಿಷಯ ತಾನಾಗಿಯೇ ಬಗೆಹರಿಯುತ್ತದೆ.

ಒಬ್ಬಟ್ಟನ್ನು ತರಿಸುವ ಬಗ್ಗೆ ಕೇಳಿದ್ದೀರಿ. ಅಂಗಡಿಯ ಒಬ್ಬಟ್ಟಿನಲ್ಲಿ ಯಾವ ಎಣ್ಣೆಯಿದೆ, ಯಾವ ಕಾವಲಿಯ ಮೇಲೆ ಬೇಯಿಸಿದ್ದಾರೆ ಎಂಬುದು ನಿಮಗೆ ತಿಳಿಯುವುದಿಲ್ಲ. ಅಲರ್ಜಿಯಿರುವ ಮಗು ಪಂಕ್ತಿಯಲ್ಲಿರುವಾಗ ಮನೆಯಲ್ಲಿ ಮಾಡುವುದೇ ಮೇಲು. ಒಂದು ಕಿಲೋ ಬೇಳೆಗೆ ಒಂದು ಕಿಲೋ ಬೆಲ್ಲ ಹಾಕಿದರೆ ಮಧ್ಯಮ ಗಾತ್ರದ 45ರಿಂದ 50 ಒಬ್ಬಟ್ಟುಗಳಾಗುತ್ತವೆ. ರಾತ್ರಿಯ ಊಟವಾದ್ದರಿಂದ 28 ಜನರಿಗೆ ಅಷ್ಟು ಸಾಕು. ಹೂರಣವನ್ನು ಹಿಂದಿನ ದಿನ ಸಂಜೆಯೇ ರುಬ್ಬಿ, ಪೂರ್ತಿ ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಕಣಕವನ್ನು ಚಿರೋಟಿ ರವೆಯಲ್ಲಿ ಚಿಟಿಕೆ ಅರಿಶಿನ ಸೇರಿಸಿ ಮೆದುವಾಗಿ ಕಲಸಿ, ಮೇಲೆ ಧಾರಾಳವಾಗಿ ಎಣ್ಣೆ ಬಿಟ್ಟು, ಕನಿಷ್ಠ ಎರಡು ಗಂಟೆ ನೆನೆಯಲು ಬಿಡಿ. ಎಳೆದರೆ ಹರಿಯದೆ ರಬ್ಬರಿನಂತೆ ಬರುವವರೆಗೆ ನಾದಿದ ಕಣಕವಾದರೆ, ಬಾಳೆಲೆಯ ಮೇಲೆ ತಟ್ಟುವಾಗ ಹೂರಣ ಅಂಚಿನವರೆಗೂ ಹರಡುತ್ತದೆ, ಎಲ್ಲಿಯೂ ಒಡೆಯುವುದಿಲ್ಲ.

ಸಮಯದ ಲೆಕ್ಕವನ್ನು ಏಳೂವರೆಯಿಂದ ಹಿಂದಕ್ಕೆ ಹಾಕಿಕೊಳ್ಳಿ. ಬಿಸಿಯಾಗಿಯೇ ಬಡಿಸಬೇಕಾದದ್ದು ಅನ್ನ, ತೊವ್ವೆ, ಸಾರು ಮಾತ್ರ. ಒಬ್ಬಟ್ಟು ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯೊಳಗೆ ಮುಗಿಯಲಿ. ಬೇಯಿಸಿದ್ದನ್ನು ಒಂದರ ಮೇಲೊಂದು ಪೇರಿಸುವ ಮೊದಲು ಬಟ್ಟೆಯ ಮೇಲೆ ಹರಡಿ ಆರಿಸಲೇಬೇಕು. ಇಲ್ಲವಾದರೆ ಹಬೆ ನೀರಾಗಿ ಇಳಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಚಿತ್ರಾನ್ನದ ಒಗ್ಗರಣೆಯನ್ನು ಬೆಳಿಗ್ಗೆಯೇ ಮಾಡಿಟ್ಟು, ತುರಿದ ಮಾವಿನಕಾಯಿಯನ್ನೂ ಅನ್ನವನ್ನೂ ಸಂಜೆ ಆರಕ್ಕೆ ಕಲಸಿದರೆ ಸಾಕು. ಕೋಸಂಬರಿಗೆ ಸೌತೆಕಾಯಿ ಹೆಚ್ಚಿಟ್ಟುಕೊಂಡರೂ ಉಪ್ಪು ಹಾಕುವುದು ಎಲೆ ಹಾಕಿದ ಮೇಲೆಯೇ. ಮೊದಲೇ ಹಾಕಿದರೆ ನೀರು ಬಿಟ್ಟು ಎಲೆಯೆಲ್ಲ ಹರಿದಾಡುತ್ತದೆ.

ಉತ್ತರ (ಧಾರವಾಡದಿಂದ)

ಮೈಸೂರಿನವರು ಹೇಳಿದ್ದು ಬಹುತೇಕ ಸರಿಯಾಗಿದೆ, ಒಂದೆರಡು ಮಾತುಗಳನ್ನು ಸೇರಿಸುತ್ತೇನೆ. ಹುಬ್ಬಳ್ಳಿಯಿಂದ ಬರುವವರಿಗಾಗಿ ಬೇಳೆಯ ವಿಷಯದಲ್ಲಿ ಯೋಚಿಸಿ. ದಕ್ಷಿಣದಲ್ಲಿ ಎಷ್ಟೋ ಮನೆಗಳಲ್ಲಿ ತೊಗರಿಬೇಳೆಯಿಂದ ಒಬ್ಬಟ್ಟು ಮಾಡುತ್ತಾರೆ, ನಮ್ಮ ಕಡೆ ಹೋಳಿಗೆಯೆಂದರೆ ಕಡಲೆಬೇಳೆಯದ್ದೇ. ನೀವು ಕಡಲೆಬೇಳೆಯನ್ನೇ ಆರಿಸಿಕೊಳ್ಳುವುದಾದರೆ ಬೇಯಿಸುವಾಗ ಒಲೆಯ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ. ಬೆರಳುಗಳ ನಡುವೆ ಒತ್ತಿದರೆ ಬೇಳೆ ಹಿಟ್ಟಾಗಬೇಕು, ಆದರೆ ಪಾತ್ರೆಯಲ್ಲಿ ಅದರ ಆಕಾರ ಕರಗಿರಬಾರದು. ಆ ಹದದಲ್ಲಿ ಬಸಿದರೆ ಕಟ್ಟು ಧಾರಾಳವಾಗಿ ಸಿಗುತ್ತದೆ, ಹೂರಣವೂ ಗಟ್ಟಿಯಾಗಿ ನಿಲ್ಲುತ್ತದೆ. ಕುಕ್ಕರಿನಲ್ಲಿ ಮೂರು ನಾಲ್ಕು ಸೀಟಿ ಹೊಡೆಸಿ ಕರಗಿಸಿಬಿಟ್ಟರೆ ಕಟ್ಟೂ ಇಲ್ಲ, ಹೂರಣಕ್ಕೆ ಹದವೂ ಇಲ್ಲ. ಅಕಸ್ಮಾತ್ ಹೂರಣ ತೆಳುವಾದರೆ ಹಿಟ್ಟು ಬೆರೆಸಬೇಡಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮಗುಚುತ್ತ ನೀರನ್ನು ಇಂಗಿಸಿದರೆ, ಆರಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

28 ಜನರಿಗೆ ಸುಮಾರು ಆರು ಲೀಟರ್ ಕಟ್ಟಿನ ಸಾರು ಬೇಕಾಗುತ್ತದೆ. ಬೇಳೆ ಬೇಯಿಸುವಾಗಲೇ ನೀರನ್ನು ಹೆಚ್ಚಾಗಿಟ್ಟು ಕಟ್ಟು ತೆಗೆದುಕೊಳ್ಳಿ. ಹುಣಸೆಹುಳಿ, ಸಾರಿನ ಪುಡಿ, ಒಣಕೊಬ್ಬರಿ, ಒಂದು ಹಿಡಿ ಹೂರಣ, ಕರಿಬೇವು ಮತ್ತು ಇಂಗಿನ ಒಗ್ಗರಣೆ ಇದ್ದರೆ ಈ ಸಾರಿಗೆ ಬೆಳ್ಳುಳ್ಳಿಯ ಕೊರತೆ ಕಾಣುವುದೇ ಇಲ್ಲ. ಹಿಂದಿನ ದಿನ ಬಸಿದ ಕಟ್ಟನ್ನು ಹೊರಗೆ ಬಿಡಬೇಡಿ. ಯುಗಾದಿಯ ಹೊತ್ತಿನ ಸೆಕೆಯಲ್ಲಿ ಅದು ಬೆಳಗಾಗುವಷ್ಟರಲ್ಲಿ ಹಳಸುತ್ತದೆ. ದೊಡ್ಡ ಪಾತ್ರೆಯಲ್ಲಿ ಬಿಸಿಯಾಗಿಯೇ ಫ್ರಿಜ್ಜಿಗೆ ಇಟ್ಟರೂ ಒಳಭಾಗ ಬೇಗ ತಣಿಯುವುದಿಲ್ಲ. ಎರಡು ಮೂರು ಅಗಲವಾದ ಪಾತ್ರೆಗಳಿಗೆ ಸುರಿದು, ನೀರಿನ ತಟ್ಟೆಯಲ್ಲಿಟ್ಟು ತಣಿಸಿ, ಆಮೇಲೆ ಒಳಗಿಡಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ಕಡೆಯಿಂದ ನೆಂಟರ ಮನೆಗೆ ಹೊರಟವರು ಶೇಂಗಾ ಹೋಳಿಗೆ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುವುದು ಬಹಳ ಸಹಜ, ಅದು ಅವರ ಪ್ರೀತಿ. ಆದರೆ ನಿಮ್ಮ ಅಕ್ಕನ ಮಗಳಿಗೆ ಅದರಿಂದಲೇ ಅಪಾಯ. ಹಬ್ಬಕ್ಕೆ ಕರೆಯುವಾಗಲೇ ಫೋನಿನಲ್ಲಿ ಕಾರಣವನ್ನು ಬಿಡಿಸಿ ಹೇಳಿ, ಅಗಸಿ ಚಟ್ನಿಪುಡಿಯನ್ನೋ ಗುರೆಳ್ಳು ಚಟ್ನಿಪುಡಿಯನ್ನೋ ತರುವಂತೆ ಕೇಳಿಕೊಂಡರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅದನ್ನೂ ಶೇಂಗಾ ಕುಟ್ಟಿದ ಒರಳಿನಲ್ಲಿಯೋ ಮಿಕ್ಸಿಯಲ್ಲಿಯೋ ಪುಡಿ ಮಾಡಿರಬಾರದು ಎಂದು ತಪ್ಪದೆ ತಿಳಿಸಿ.

ಉತ್ತರ (ಉಡುಪಿಯಿಂದ)

ನಮ್ಮಲ್ಲಿ ಸೌರಮಾನ ಯುಗಾದಿ ಏಪ್ರಿಲ್ ಮಧ್ಯದಲ್ಲಿ ಬರುವುದಾದರೂ ಹಬ್ಬದೂಟದ ಲೆಕ್ಕ ಒಂದೇ. ಹಾಲು ಆಗದ ಹುಡುಗನ ಬಗ್ಗೆ ನೀವು ಚಿಂತಿಸುವ ಕಾರಣವಿಲ್ಲ, ಏಕೆಂದರೆ ತೆಂಗಿನಕಾಯಿ ಹಾಲಿನ ಪಾಯಸ ನಮಗೆ ಬದಲಿ ಅಡುಗೆಯಲ್ಲ, ಹಬ್ಬದ ಮುಖ್ಯ ಅಡುಗೆ. ಅರ್ಧ ಕಿಲೋ ಹೆಸರುಬೇಳೆಯನ್ನು ಪರಿಮಳ ಬರುವವರೆಗೆ ಹುರಿದು ಮೆತ್ತಗೆ ಬೇಯಿಸಿ, ಮುಕ್ಕಾಲು ಕಿಲೋ ಬೆಲ್ಲ ಹಾಕಿ ಕುದಿಸಿ, ಮೂರು ತೆಂಗಿನಕಾಯಿಗಳಿಂದ ತೆಗೆದ ಹಾಲಿನಲ್ಲಿ ಮೊದಲು ನೀರುಹಾಲನ್ನು ಸೇರಿಸಿ ಕುದಿಸಬೇಕು. ದಪ್ಪ ಹಾಲನ್ನು ಒಲೆ ಆರಿಸಿದ ಮೇಲೆಯೇ ಸುರಿದು ಕಲಕಬೇಕು, ಅದು ಕುದಿದರೆ ಒಡೆಯುತ್ತದೆ. ಏಲಕ್ಕಿ ಹಾಕಿದರೆ ಮುಗಿಯಿತು. ಮೆತ್ತಗಿರುವುದರಿಂದ ನಿಮ್ಮ ಅಜ್ಜಿಯವರೂ ಸುಲಭವಾಗಿ ಸವಿಯಬಹುದು. ಒಬ್ಬಟ್ಟಿನ ಮೇಲೆ ತುಪ್ಪದ ಬದಲು ಕಾಯಿಹಾಲು ಹಾಕಿಕೊಳ್ಳುವ ರೂಢಿಯೂ ನಮ್ಮಲ್ಲಿ ಇರುವುದರಿಂದ, ಅಜ್ಜಿಯವರ ಎಲೆಗೆ ಒಬ್ಬಟ್ಟನ್ನು ಚಿಕ್ಕ ಚೂರುಗಳಾಗಿ ಮುರಿದು ಬಿಸಿ ಕಾಯಿಹಾಲಿನಲ್ಲಿ ನೆನೆಸಿ ಬಡಿಸಿದರೆ ಬಾಯಲ್ಲಿಟ್ಟ ಕೂಡಲೇ ಕರಗುತ್ತದೆ.

ಬೇಯಿಸುವಾಗ ಮೊದಲ ಸರದಿಯನ್ನು ಎಣ್ಣೆಯಲ್ಲಿಯೇ ಬೇಯಿಸಿ, ಆ ಹುಡುಗನಿಗೆ ಬೇಕಾದಷ್ಟನ್ನು ಮುಚ್ಚಳವಿರುವ ಪಾತ್ರೆಯಲ್ಲಿ ತೆಗೆದಿಟ್ಟು, ಆಮೇಲೆ ತುಪ್ಪಕ್ಕೆ ಕೈಹಾಕಿ. ಅಡುಗೆ ಮನೆಯಲ್ಲಿ ಆ ದಿನ ಕಡಲೆಕಾಯಿ ಎಣ್ಣೆಯ ಡಬ್ಬಿಯೇ ಇರದಂತೆ ನೋಡಿಕೊಳ್ಳಿ. ಚಿತ್ರಾನ್ನಕ್ಕೆ ಕಡಲೆಬೇಳೆ, ಉದ್ದಿನಬೇಳೆಯ ಒಗ್ಗರಣೆ ಸಾಕು. ಗೋಡಂಬಿ ಹಾಕುವ ಮೊದಲು ಅದು ಮಗುವಿಗೆ ಆಗುತ್ತದೆಯೇ ಎಂದು ಅಕ್ಕನನ್ನೇ ಕೇಳಿ, ಸಂದೇಹವಿದ್ದರೆ ಬಿಟ್ಟುಬಿಡಿ. ತೊವ್ವೆಗೂ ಪಲ್ಯಕ್ಕೂ ತೆಂಗಿನೆಣ್ಣೆಯ ಒಗ್ಗರಣೆ ಕೊಟ್ಟು ತುಪ್ಪವನ್ನು ಪಂಕ್ತಿಯಲ್ಲಿ ಬೇರೆಯಾಗಿ ಬಡಿಸಿದರೆ, ಎಲೆಯಲ್ಲಿ ಮಜ್ಜಿಗೆಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಆ ಹುಡುಗ ತಿನ್ನಬಹುದು.

ಮೈಸೂರಿನವರ ಪಟ್ಟಿಯಲ್ಲಿ ಸಿಹಿ, ಹುಳಿ ಮತ್ತು ಖಾರ ಒಟ್ಟಿಗೆ ಸೇರಿದ ಪದಾರ್ಥ ಇಲ್ಲವೆಂಬುದೊಂದೇ ನನಗೆ ಕೊರತೆಯಾಗಿ ಕಂಡಿತು. ಅನಾನಸಿನ ಮೆಣಸ್ಕಾಯಿಯನ್ನು ಎಲೆಯ ಒಂದು ತುದಿಗೆ ಎರಡು ಚಮಚ ಬಡಿಸಿದರೂ ಊಟಕ್ಕೆ ಬೇರೆಯೇ ಕಳೆ ಬರುತ್ತದೆ. ಎಳ್ಳು ಹುರಿದು ತೆಂಗಿನೊಡನೆ ರುಬ್ಬಿ ಹಾಕುವ ಈ ಪದಾರ್ಥ ಬಿಸಿಯಾಗಿರಬೇಕೆಂದೇನೂ ಇಲ್ಲ. ಕಾಯಿ ರುಬ್ಬಿದ್ದಾದ್ದರಿಂದ ಹಿಂದಿನ ದಿನ ಬೇಡ, ಹಬ್ಬದ ಮಧ್ಯಾಹ್ನ ಮಾಡಿಟ್ಟರೆ ಸಾಕು.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಡಲೆಬೇಳೆಯ ಒಬ್ಬಟ್ಟು, ಕಾಯಿಹಾಲಿನ ಪಾಯಸ ಮತ್ತು ಮೆಣಸ್ಕಾಯಿ ಎಂದು ಓರಗಿತ್ತಿಯೊಡನೆ ಕುಳಿತು ತೀರ್ಮಾನಿಸಿದ್ದೇವೆ. ಶೇಂಗಾ ವಿಷಯವನ್ನು ಹುಬ್ಬಳ್ಳಿಗೆ ಇಂದೇ ತಿಳಿಸುತ್ತೇನೆ, ಅದು ನನಗೆ ಹೊಳೆದೇ ಇರಲಿಲ್ಲ. ಇನ್ನು ಉಳಿದದ್ದು ಎರಡು ಸಂದೇಹ. ಅಕ್ಕಿ ಎಷ್ಟು ಇಡಬೇಕು? ಬೆಲ್ಲದ ಸಿಹಿಯಾದರೆ ಸಕ್ಕರೆ ಕಾಯಿಲೆಗೆ ತೊಂದರೆಯಿಲ್ಲ ಎಂದು ಮಾವನವರು ಹೇಳುತ್ತಿದ್ದಾರೆ, ಅದು ನಿಜವೇ?

ಉತ್ತರ (ಮೈಸೂರಿನಿಂದ)

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬೆಲ್ಲದಲ್ಲಿಯೂ ಹೆಚ್ಚಿನ ಪಾಲು ಇರುವುದು ಸಕ್ಕರೆಯ ಅಂಶವೇ, ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವೇನೂ ಇಲ್ಲ. ಹಾಗೆಂದು ಹಿರಿಯರ ಎಲೆಯಲ್ಲಿ ಹಬ್ಬದ ದಿನ ಸಿಹಿಯೇ ಇಲ್ಲದಂತೆ ಮಾಡುವುದೂ ಬೇಡ. ಕಣಕ ಮತ್ತು ಹೂರಣದ ಉಂಡೆಗಳನ್ನು ಕಟ್ಟುವಾಗಲೇ ಅರ್ಧ ಗಾತ್ರದ ಏಳೆಂಟು ಒಬ್ಬಟ್ಟುಗಳನ್ನು ಬೇರೆ ಮಾಡಿಕೊಳ್ಳಿ. ಮಕ್ಕಳಿಗೂ ಅವೇ ಬರುವುದರಿಂದ ಇಬ್ಬರು ಹಿರಿಯರನ್ನು ಮಾತ್ರ ಬೇರೆ ಮಾಡಿದಂತೆ ಕಾಣುವುದಿಲ್ಲ. ಪಾಯಸವೋ ಒಬ್ಬಟ್ಟೋ ಎರಡರಲ್ಲಿ ಒಂದು ಎಂದು ಅವರೇ ಆರಿಸಿಕೊಳ್ಳಲಿ. ಕೋಸಂಬರಿಯನ್ನೂ ಪಲ್ಯವನ್ನೂ ಅವರ ಎಲೆಗೆ ಧಾರಾಳವಾಗಿ ಬಡಿಸಿ, ಅನ್ನವನ್ನು ಕೇಳಿ ಬಡಿಸಿ. ಊಟಕ್ಕೆ ಮೊದಲು ತೆಗೆದುಕೊಳ್ಳುವ ಮಾತ್ರೆಯೋ ಇನ್ಸುಲಿನ್ನೋ ಇದ್ದರೆ, ಎಲೆ ಹಾಕುವ ನಿಜವಾದ ಹೊತ್ತನ್ನು ಅವರಿಗೆ ಮೊದಲೇ ತಿಳಿಸಿರಬೇಕು. ನೆಂಟರ ಬಸ್ಸು ತಡವಾಯಿತೆಂದು ಊಟ ಒಂಬತ್ತಕ್ಕೆ ಹೋದರೆ ಔಷಧ ತೆಗೆದುಕೊಂಡು ಕಾಯುತ್ತಿರುವವರಿಗೆ ಸಕ್ಕರೆ ಇಳಿದುಹೋಗುವ ಅಪಾಯವಿದೆ. ಅಂಥ ಸಂದರ್ಭದಲ್ಲಿ ಅವರಿಬ್ಬರನ್ನೂ ಅಜ್ಜಿಯವರನ್ನೂ ಮಕ್ಕಳನ್ನೂ ಮೊದಲ ಪಂಕ್ತಿಯಲ್ಲಿ ಕೂರಿಸಿಬಿಡಿ.

ಅಕ್ಕಿಯ ಲೆಕ್ಕ ಸುಲಭ. ಚಿತ್ರಾನ್ನಕ್ಕೆ ಒಂದು ಕಿಲೋ, ಬಿಳಿ ಅನ್ನಕ್ಕೆ ಎರಡು ಕಿಲೋ. ಬಿಳಿ ಅನ್ನವನ್ನು ಒಮ್ಮೆಗೇ ಮಾಡದೆ ಏಳು ಗಂಟೆಗೆ ಒಂದು ಕಿಲೋ, ಮೊದಲ ಪಂಕ್ತಿಗೆ ಸಾರು ಬಡಿಸುವಾಗ ಇನ್ನೊಂದು ಕಿಲೋ ಒಲೆಗೇರಿಸಿದರೆ ಎರಡನೆಯ ಪಂಕ್ತಿಗೂ ಬಿಸಿ ಅನ್ನವೇ ಸಿಗುತ್ತದೆ. ಒಬ್ಬಟ್ಟು, ಚಿತ್ರಾನ್ನ ತಿಂದ ಮೇಲೆ ಅನ್ನ ಕಡಿಮೆಯೇ ಹೋಗುವುದರಿಂದ, ಎರಡನೆಯ ಸಲ ಅಕ್ಕಿ ತೊಳೆಯುವ ಮೊದಲು ಪಂಕ್ತಿಯನ್ನೊಮ್ಮೆ ನೋಡಿ ಅಳತೆಯನ್ನು ಇಳಿಸಿಕೊಳ್ಳಬಹುದು. ಕೋಸಂಬರಿಗೆ 400 ಗ್ರಾಂ ಹೆಸರುಬೇಳೆ ಸಾಕು, ಅದನ್ನು ಒಂದು ಗಂಟೆ ನೆನೆಸಿ. ಮಜ್ಜಿಗೆಗೆ ಮೂರು ಲೀಟರ್ ಹಾಲನ್ನು ಹಿಂದಿನ ರಾತ್ರಿ ಹೆಪ್ಪು ಹಾಕಿ. ಸೆಕೆಯಲ್ಲಿ ಬೇಗ ಹುಳಿಯಾಗುವುದರಿಂದ ಬೆಳಿಗ್ಗೆ ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಅಷ್ಟು ಹೊತ್ತಿಗೆ ಹೂರಣವನ್ನು ಹೊರಗೆ ತೆಗೆಯುವುದರಿಂದ ಅದಕ್ಕೆ ಜಾಗವಿರುತ್ತದೆ. ಬಾಳೆಲೆಯನ್ನು ಹಬ್ಬದ ಬೆಳಿಗ್ಗೆ ಕೊಳ್ಳಲು ಹೋಗಬೇಡಿ. ಎರಡು ದಿನ ಮೊದಲೇ ಮೂವತ್ತೈದು ಎಲೆ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಟ್ಟರೆ ಬಾಡುವುದಿಲ್ಲ. ಉಳಿಯುವ ಏಳು ಎಲೆಗಳಲ್ಲಿ ಒಂದೆರಡು ನಿಮಗೆ ಒಬ್ಬಟ್ಟು ತಟ್ಟುವುದಕ್ಕೇ ಬೇಕಾಗುತ್ತವೆ.